ಹಾಸ್ಟೆಲ್ ಸೇರಿದ ಮಕ್ಕಳ ಊಟ ಮತ್ತು ತೂಕ: ಹೆತ್ತವರು ಎಲ್ಲಿಂದ ಆರಂಭಿಸಬೇಕು?

ಮೊದಲ ವರ್ಷದ ಕಾಲೇಜಿಗೆ ಮಗನನ್ನೋ ಮಗಳನ್ನೋ ಊರು ಬಿಟ್ಟು ಕಳಿಸಿದ ಮನೆಗಳಲ್ಲಿ ದಸರಾ, ದೀಪಾವಳಿ ರಜೆ ಬಂತೆಂದರೆ ಒಂದು ತಪಾಸಣೆ ತಪ್ಪದೆ ನಡೆಯುತ್ತದೆ. ಬ್ಯಾಗು ಕೆಳಗಿಡುವ ಮೊದಲೇ ಅಜ್ಜಿ ತೋಳು ಹಿಡಿದು ನೋಡುತ್ತಾರೆ. "ಎಷ್ಟು ಸೊರಗಿದ್ದೀಯ" ಎನ್ನುವುದು ಒಂದು ತೀರ್ಪು, "ಏನು ಹೀಗೆ ಊದಿದ್ದೀಯ" ಎನ್ನುವುದು ಇನ್ನೊಂದು. ಎರಡೂ ಅಲ್ಲದ ಮೂರನೆಯ ತೀರ್ಪು ಬಂದ ಮನೆ ಅಪರೂಪ.

ಈ ಆತಂಕಕ್ಕೆ ಕಾರಣವಿಲ್ಲವೆಂದು ಹೇಳಲಾಗದು. ಹದಿನೇಳು, ಹದಿನೆಂಟು ವರ್ಷ ಅಮ್ಮನೋ ಅಜ್ಜಿಯೋ ಕರೆದು ಬಡಿಸಿದ ಮಕ್ಕಳು ಒಂದೇ ವಾರದಲ್ಲಿ ತಮ್ಮ ಹೊಟ್ಟೆಗೆ ತಾವೇ ಜವಾಬ್ದಾರರಾಗುತ್ತಾರೆ. ಆದರೆ ಹೆಚ್ಚಿನ ಹೆತ್ತವರು ತಟ್ಟೆಯಲ್ಲಿ ಏನಿತ್ತು, ತೂಕ ಎಷ್ಟಾಯಿತು ಎಂಬ ಎರಡೇ ಪ್ರಶ್ನೆ ಹಿಡಿದು ಕೂರುತ್ತಾರೆ. ಮೊದಲ ವರ್ಷದಲ್ಲಿ ಮೊದಲು ಕೆಡುವುದು ಊಟದ ಹೊತ್ತು. ಸೊರಗಿದವರದ್ದೂ ಊದಿದವರದ್ದೂ ಕಥೆ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಮುಂದಿನ ಹೆಜ್ಜೆಗಳಲ್ಲಿ ಹೊತ್ತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಕಣ್ಣಂದಾಜು ಬಿಡಿ, ಅಳತೆ ನೋಡಿ

ವಿಡಿಯೊ ಕರೆಯಲ್ಲಿ ಕಂಡ ಮುಖವನ್ನು ನಂಬಬೇಡಿ. ರಾತ್ರಿ ಹತ್ತರ ಟ್ಯೂಬ್‌ಲೈಟ್ ಬೆಳಕಿನಲ್ಲಿ, ಮೊಬೈಲನ್ನು ಗಲ್ಲದ ಕೆಳಗೆ ಹಿಡಿದು ಮಾತನಾಡುವ ಹುಡುಗ ಒಂದು ದಿನ ಬಡಕಲಾಗಿ, ಮರುದಿನ ಬಾತುಕೊಂಡಂತೆ ಕಾಣುತ್ತಾನೆ. ರಜೆಗೆ ಬಂದಾಗ ಒಂದೇ ತೂಕದ ಯಂತ್ರದಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿಕೊಂಡರೆ ಸಾಕು. ಅದನ್ನೂ ಅವರೇ ನೋಡಿಕೊಳ್ಳಲಿ. ಮನೆಮಂದಿಯೆಲ್ಲ ಸುತ್ತ ನಿಲ್ಲುವುದು ಬೇಡ.

ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವುದು ಬಿಎಂಐ. ವಯಸ್ಕ ಭಾರತೀಯರಿಗೆ 18.5ರಿಂದ 22.9ರವರೆಗೆ ಸಹಜ, 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. 165 ಸೆಂಟಿಮೀಟರ್ ಎತ್ತರದ ಹುಡುಗಿಗೆ ಇದು ಸುಮಾರು 50ರಿಂದ 62 ಕಿಲೋ. ಹನ್ನೆರಡು ಕಿಲೋದ ಈ ಅಂತರವನ್ನು ಗಮನಿಸಿ: ಇಷ್ಟರೊಳಗೆ ಎಲ್ಲಿದ್ದರೂ ಗಾಬರಿಗೆ ಕಾರಣವಿಲ್ಲ. ಹದಿನೆಂಟು ತುಂಬದವರಿಗೆ ಈ ಸಂಖ್ಯೆಗಳು ಹಾಗೇ ಹೊಂದುವುದಿಲ್ಲ. ಅವರಿಗೆ ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆಯನ್ನು ವೈದ್ಯರು ನೋಡುತ್ತಾರೆ. ಕಸರತ್ತು ಮಾಡಿ ಮಾಂಸಖಂಡ ಬೆಳೆಸಿದವರಲ್ಲಿಯೂ ಬಿಎಂಐ ದಾರಿ ತಪ್ಪಿಸುತ್ತದೆ.

ಇನ್ನೊಂದು ಮಾತು. ಈ ವಯಸ್ಸಿನ ಅನೇಕ ಹುಡುಗರು ಇನ್ನೂ ಬೆಳೆಯುತ್ತಿರುತ್ತಾರೆ. ಹೆಗಲು ಅಗಲವಾಗುತ್ತದೆ, ಮೈಕೈ ತುಂಬಿಕೊಳ್ಳುತ್ತದೆ. ವರ್ಷದಲ್ಲಿ ಎರಡು ಮೂರು ಕಿಲೋ ಏರಿದರೆ ಅದು ಬೆಳವಣಿಗೆಯೂ ಇರಬಹುದು. ಮಕ್ಕಳನ್ನು ಓದಲು ಅಮೆರಿಕಕ್ಕೆ ಕಳಿಸಿದವರಿಗೆ ‘ಫ್ರೆಶ್‌ಮನ್ ಫಿಫ್ಟೀನ್’ ಎಂಬ ಮಾತು ಗೊತ್ತಿರುತ್ತದೆ: ಕಾಲೇಜಿನ ಮೊದಲ ವರ್ಷ 15 ಪೌಂಡ್, ಅಂದರೆ ಸುಮಾರು ಏಳು ಕಿಲೋ ಏರುತ್ತದೆ ಎಂಬ ನಂಬಿಕೆ. ಅಲ್ಲಿನ ಸಂಶೋಧಕರು ಅಳೆದು ನೋಡಿದಾಗ ಸರಾಸರಿ ಸಿಕ್ಕಿದ್ದು ಒಂದೂವರೆ ಕಿಲೋ ಆಸುಪಾಸು. ಕೆಲವರ ತೂಕ ಇಳಿದೂ ಇತ್ತು.

ಹೆಜ್ಜೆ 2: ಊಟದ ಬಗ್ಗೆ ಕೇಳುವ ಮೊದಲು ವೇಳಾಪಟ್ಟಿ ಕೇಳಿ

"ಊಟ ಆಯಿತೇ?" ಎಂಬ ಪ್ರಶ್ನೆಗೆ ಹಾಸ್ಟೆಲ್ ಮಕ್ಕಳ ಬಳಿ ಒಂದೇ ಉತ್ತರವಿದೆ: "ಆಯಿತು." ಮಲಗೇ ಇದ್ದರೂ ಅದೇ ಉತ್ತರ. ದಿನಕ್ಕೆ ಮೂರು ಸಲ ಕೇಳಿದರೆ ಮೂರು ಸಲ ಸುಳ್ಳು ಹೇಳಿಸಿದಂತಾಗುತ್ತದೆ, ಅಷ್ಟೇ.

ಬದಲಿಗೆ ಒಂದು ಭಾನುವಾರ, ಬಿಡುವಾಗಿರುವಾಗ, ಹೀಗೆ ಕೇಳಿ: ಮೆಸ್ಸಿನಲ್ಲಿ ತಿಂಡಿ ಎಷ್ಟು ಗಂಟೆಯಿಂದ ಎಷ್ಟರವರೆಗೆ? ಮೊದಲ ತರಗತಿ ಯಾವಾಗ? ಲ್ಯಾಬ್ ಇರುವ ದಿನ ಮಧ್ಯಾಹ್ನ ಎಷ್ಟು ಹೊತ್ತು ಬಿಡುವು? ಕಾಲೇಜಿನಿಂದ ಮೆಸ್ಸಿಗೆ ನಡೆಯಲು ಎಷ್ಟು ನಿಮಿಷ ಬೇಕು? ರಾತ್ರಿ ಊಟ ಎಷ್ಟಕ್ಕೆ ಮುಗಿಯುತ್ತದೆ, ನೀನು ಮಲಗುವುದು ಎಷ್ಟಕ್ಕೆ? ಇದರಲ್ಲಿ ಆರೋಪವಿಲ್ಲದ್ದರಿಂದ ಉತ್ತರ ಸರಾಗವಾಗಿ ಬರುತ್ತದೆ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಹಳ್ಳ ಎಲ್ಲಿದೆ ಎಂದು ತಾನೇ ಕಾಣುತ್ತದೆ.

ಸಾಮಾನ್ಯವಾಗಿ ಕಾಣುವುದು ಇದು. ಎಂಟೂವರೆಗೆ ತರಗತಿ, ಎಂಟು ಗಂಟೆಗೆ ಎಚ್ಚರ. ತಿಂಡಿ ಹೋಯಿತು. ಹನ್ನೊಂದಕ್ಕೆ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಸಾಲಿನಲ್ಲಿ ನಿಂತು, ತಣ್ಣಗಾದ ಅನ್ನಕ್ಕೆ ಸಾರು ಕಲಸಿ ನಾಲ್ಕು ತುತ್ತು. ಸಂಜೆ ಐದಕ್ಕೆ ಹೊಟ್ಟೆ ಉರಿಯುವಷ್ಟು ಹಸಿವು. ಗೇಟಿನ ಎದುರೇ ಪಫ್ಸು, ಪಾನಿಪುರಿ, ಗೋಬಿ ಮಂಚೂರಿ. ಅದನ್ನು ತಿಂದವರಿಗೆ ಎಂಟು ಗಂಟೆಯ ಮೆಸ್ಸಿನ ಊಟ ರುಚಿಸುವುದಿಲ್ಲ. ಹನ್ನೊಂದೂವರೆಗೆ ಮತ್ತೆ ಹಸಿವು. ಆಗ ಕೊಠಡಿಯಲ್ಲಿ ನಾಲ್ಕು ಜನ ಸೇರಿ ಮೊಬೈಲಿನಲ್ಲಿ ಬಿರಿಯಾನಿಯೋ ಬರ್ಗರೋ ತರಿಸುತ್ತಾರೆ, ಇಲ್ಲವೇ ಕೆಟಲಿನಲ್ಲಿ ನೂಡಲ್ಸ್ ಬೇಯುತ್ತದೆ. ಒಂದೂವರೆಗೆ ನಿದ್ದೆ, ಮತ್ತೆ ಎಂಟಕ್ಕೆ ಎಚ್ಚರ. ಕೈಯಲ್ಲಿ ದುಡ್ಡಿರುವ, ಗುಂಪಿನಲ್ಲಿರುವ ಹುಡುಗ ಈ ದಿನಚರಿಯಲ್ಲಿ ದಪ್ಪಗಾಗುತ್ತಾನೆ. ದುಡ್ಡು ಲೆಕ್ಕ ಹಾಕುವ, ಇನ್ನೂ ಸ್ನೇಹಿತೆಯರಾಗದ ಹುಡುಗಿ ಇದೇ ದಿನಚರಿಯಲ್ಲಿ ಸೊರಗುತ್ತಾಳೆ.

ಎಲ್ಲವನ್ನೂ ತಿದ್ದಲು ಹೊರಡಬೇಡಿ. ಬೆಳಗಿನ ತಿಂಡಿ, ಸಂಜೆ ಐದರ ಹಸಿವು, ಇವೆರಡನ್ನು ಮಾತ್ರ ಹಿಡಿಯಿರಿ. ಬೇಗ ಏಳಲು ಆಗದವರು ಹಿಂದಿನ ಸಂಜೆಯೇ ಎರಡು ಬಾಳೆಹಣ್ಣು ತಂದಿಟ್ಟುಕೊಂಡು, ಒಂದು ಹಿಡಿ ಶೇಂಗಾದ ಜೊತೆ ನಡೆಯುತ್ತಲೇ ತಿನ್ನಬಹುದು. ರೂಮ್‌ಮೇಟ್ ಮೆಸ್ಸಿಗೆ ಹೋಗುವವನಾದರೆ ಡಬ್ಬಿಯಲ್ಲಿ ಮೂರು ಇಡ್ಲಿ ತರಲು ಹೇಳಬಹುದು. ಲ್ಯಾಬ್ ತಡವಾಗುವ ದಿನ ತಟ್ಟೆ ಎತ್ತಿಡುವಂತೆ ಮೆಸ್ಸಿನ ಅಡುಗೆಯವರಿಗೆ ಮೊದಲೇ ಹೇಳಿದರೆ ಬಹಳ ಕಡೆ ಇಡುತ್ತಾರೆ. ಹೇಳಲು ಸಂಕೋಚವಷ್ಟೇ ಅಡ್ಡಿ. ಮನೆಯಲ್ಲಿ ಕೇಳದೆಯೇ ತಟ್ಟೆ ಬಂದು ಅಭ್ಯಾಸವಾದವರಿಗೆ ಈ ಕೇಳುವುದನ್ನೂ ಕಲಿಸಬೇಕಾಗುತ್ತದೆ.

ಸಂಜೆ ಐದಕ್ಕೆ ಹುರಿಗಡಲೆ, ಚುರುಮುರಿ, ಬೇಯಿಸಿದ ಮೊಟ್ಟೆ, ಹಣ್ಣು, ಒಂದು ಲೋಟ ಹಾಲು, ಯಾವುದಾದರೂ ಒಂದು ಹೊಟ್ಟೆ ಸೇರಿದರೆ ರಾತ್ರಿಯ ಅರ್ಧ ಗೊಂದಲ ತಪ್ಪುತ್ತದೆ. ಗೋಬಿ ಮಂಚೂರಿ ತಿನ್ನಲೇಬಾರದೆಂದು ಹೇಳಿ ಪ್ರಯೋಜನವಿಲ್ಲ. 2024ರ ಮಾರ್ಚ್‌ನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದೆ. ಕೆಂಪಗೆ ಹೊಳೆಯುವ ತಟ್ಟೆ ಕಂಡರೆ ಮುಂದಿನ ಗಾಡಿಗೆ ಹೋಗು ಎಂದು ಹೇಳಿ. ಆ ಮಾತು ಕೇಳುತ್ತಾರೆ.

ಹೆಜ್ಜೆ 3: ಮೆಸ್ಸಿನ ತಟ್ಟೆಯಲ್ಲಿ ಕೊರತೆ ಏನೆಂದು ತಿಳಿಯಿರಿ

ಮೆಸ್ಸಿನ ಊಟ ಕೆಟ್ಟದ್ದೆಂದು ಬೈಯುವುದು ಸುಲಭ. ಅದರ ನಿಜವಾದ ಕೊರತೆ ಸಸಾರಜನಕ (ಅಂದರೆ ಪ್ರೋಟೀನು), ಸೊಪ್ಪು ಮತ್ತು ಹಣ್ಣು. ಅನ್ನ, ಚಪಾತಿ, ಎಣ್ಣೆ ಸಾಕಷ್ಟಿರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನಂತೆ ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 55 ಕಿಲೋ ತೂಕದವರಿಗೆ ಇದು ಸುಮಾರು 46 ಗ್ರಾಂ. ಈಗ ಮೆಸ್ಸಿನ ಒಂದು ದಿನವನ್ನು ಸ್ಥೂಲವಾಗಿ ಕೂಡಿಸೋಣ. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ, ಬೇಳೆಯನ್ನು ಹುಡುಕಬೇಕಾದಂಥ ಸಾಂಬಾರು, ಅರ್ಧ ಬಟ್ಟಲು ಮಜ್ಜಿಗೆಯಂಥ ಮೊಸರು, ರಾತ್ರಿ ಮೂರು ಚಪಾತಿ, ಆಲೂಗಡ್ಡೆ ಪಲ್ಯ. ಒಟ್ಟು ಮೂವತ್ತು, ಮೂವತ್ತೈದು ಗ್ರಾಂ ಬಂದರೆ ಹೆಚ್ಚು. ಇದಕ್ಕೆ ಒಂದು ಮೊಟ್ಟೆ (6 ಗ್ರಾಂ), ಒಂದು ಲೋಟ ಹಾಲು (ಸುಮಾರು 6 ಗ್ರಾಂ), ಒಂದು ಹಿಡಿ ಶೇಂಗಾ (ಸುಮಾರು 7 ಗ್ರಾಂ) ಸೇರಿಸಿದರೆ ಲೆಕ್ಕ ತುಂಬುತ್ತದೆ. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಹುರಿಗಡಲೆ, ಮೊಳಕೆ ಕಾಳು ಹಾಕಿಕೊಳ್ಳಬಹುದು. ಮನೆಯಲ್ಲಿ ಮೊಟ್ಟೆ ಮುಟ್ಟದ ಮಗ ಹಾಸ್ಟೆಲಿನಲ್ಲಿ ತಿನ್ನಲು ಶುರುಮಾಡಿದ್ದರೆ, ಅದು ಬೇರೆಯೇ ಜಗಳ. ತೂಕದ ಮಾತಿನ ಜೊತೆ ಅದನ್ನು ಬೆರೆಸಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಕಬ್ಬಿಣದಂಶವನ್ನು ಮರೆಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. "ಯಾವಾಗಲೂ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು" ಎನ್ನುವ ಮಗಳು ಸೋಮಾರಿಯಾಗಿರಬೇಕಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆ ಅಗ್ಗದ್ದು. 12ಕ್ಕಿಂತ ಕಡಿಮೆ ಇದ್ದರೆ ವೈದ್ಯರನ್ನು ಕಾಣಬೇಕು. ಊಟವಾದ ತಕ್ಷಣ ಚಹಾ, ಕಾಫಿ ಕುಡಿದರೆ ಊಟದಲ್ಲಿದ್ದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆ, ನೆಲ್ಲಿಕಾಯಿ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ.

ಊರಿನ ಊಟದ ವ್ಯತ್ಯಾಸವನ್ನೂ ಹಗುರವಾಗಿ ಕಾಣಬಾರದು. ವಿಜಯಪುರದಿಂದ ಬೆಂಗಳೂರಿಗೆ ಬಂದ ಹುಡುಗನಿಗೆ ಬೆಲ್ಲ ಹಾಕಿದ ಸಾಂಬಾರು ಊಟವೆಂದೇ ಅನಿಸುವುದಿಲ್ಲ. ಮಂಡ್ಯದ ಹುಡುಗಿಗೆ ಸುರತ್ಕಲ್ಲಿನಲ್ಲಿ ತೆಂಗಿನೆಣ್ಣೆಯ ಒಗ್ಗರಣೆ ಮೂಗಿಗೆ ಹೊಡೆಯುತ್ತದೆ. ಕುಸುಬಲಕ್ಕಿ ಗಂಜಿ ಉಂಡು ಬೆಳೆದ ಕರಾವಳಿಯವರಿಗೆ ಹುಬ್ಬಳ್ಳಿಯ ಮೆಸ್ಸಿನ ಬೆಳ್ತಿಗೆ ಅನ್ನ ಎಷ್ಟು ತಿಂದರೂ ಹೊಟ್ಟೆ ತುಂಬಿದಂತಾಗುವುದಿಲ್ಲ. ಹೊಸ ರುಚಿಗೆ ನಾಲಿಗೆ ಒಗ್ಗಲು ಕೆಲವು ತಿಂಗಳು ಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಒಂದೆರಡು ಕಿಲೋ ಇಳಿದು ಆಮೇಲೆ ನಿಂತರೆ ಚಿಂತಿಸಬೇಕಿಲ್ಲ.

ಊಟ ನಿಜಕ್ಕೂ ಹಳಸಿದ್ದು, ನೀರು ಶುದ್ಧವಿಲ್ಲ ಎಂದಾದರೆ ಅದು ರುಚಿಯ ಪ್ರಶ್ನೆಯಲ್ಲ. ಟೈಫಾಯ್ಡ್, ಕಾಮಾಲೆ ಬರುವುದು ಈ ದಾರಿಯಲ್ಲೇ. ನೀರಿನ ಫಿಲ್ಟರ್ ಯಾವಾಗ ಸ್ವಚ್ಛವಾಯಿತು ಎಂದು ವಾರ್ಡನ್‌ರನ್ನೋ ಪಿಜಿ ಮಾಲೀಕರನ್ನೋ ನೇರವಾಗಿ ಕೇಳುವುದು ಹೆತ್ತವರ ಹಕ್ಕು. ಹೊರಗುತ್ತಿಗೆಯ ಮೆಸ್ ಆದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯ 14 ಅಂಕಿಗಳ ಸಂಖ್ಯೆ ಗೋಡೆಯ ಮೇಲಿರಬೇಕು. ಒಬ್ಬರೇ ದೂರು ಕೊಡುವ ಬದಲು ನಾಲ್ಕಾರು ಮನೆಯವರು ಸೇರಿ ಬರೆದರೆ, ದೂರಿಗೆ ಬೆಲೆ ಬರುತ್ತದೆ, ನಿಮ್ಮ ಮಗುವೊಂದೇ ಕಣ್ಣಿಗೆ ಬೀಳುವುದೂ ತಪ್ಪುತ್ತದೆ.

ಹೆಜ್ಜೆ 4: ಊಟದ ದುಡ್ಡನ್ನು ಬೇರೆಯಾಗಿ ಕೊಡಿ

ಜೆರಾಕ್ಸ್, ಬಸ್ಸು, ರೀಚಾರ್ಜು, ಊಟ ಎಲ್ಲಕ್ಕೂ ಒಂದೇ ಮೊತ್ತ ಕಳಿಸಿದರೆ ಮೊದಲು ಕತ್ತರಿ ಬೀಳುವುದು ಊಟಕ್ಕೆ. ಹಣ್ಣು, ಹಾಲು, ಮೊಟ್ಟೆಗೆಂದು ಒಂದಿಷ್ಟು ಬೇರೆ ಹಾಕಿ, ಅದರ ಲೆಕ್ಕ ಕೇಳಬೇಡಿ. ಆಹಾರ ತರಿಸುವ ಆ್ಯಪ್‌ನ ಲಾಗಿನ್ ಇಟ್ಟುಕೊಂಡು ಇಲ್ಲಿಂದಲೇ ಕಣ್ಣಿಡುವ ಅಪ್ಪಂದಿರಿದ್ದಾರೆ. ಅವರ ಮಕ್ಕಳು ಗೆಳೆಯರ ಮೊಬೈಲಿನಿಂದ ತರಿಸುತ್ತಾರೆ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಇಂದಿರಾ ಕ್ಯಾಂಟೀನಿನಲ್ಲಿ ತಿನ್ನುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ ಎಂದು ಮೊದಲೇ ಹೇಳಿಟ್ಟಿರಿ.

ಹೆಜ್ಜೆ 5: ಮೈಯ ಮೇಲೆ ಮಾತಾಡಬೇಡಿ

ನನ್ನ ದೃಷ್ಟಿಯಲ್ಲಿ ಹೆತ್ತವರು ಅತಿ ಹೆಚ್ಚು ಹಾನಿ ಮಾಡುವುದು ಇಲ್ಲಿ, ಅದೂ ಪ್ರೀತಿಯಿಂದಲೇ. "ಮದುವೆಯ ಹೊತ್ತಿಗೆ ಹೇಗಾಗುತ್ತೀಯೋ", "ನಿನ್ನ ತಮ್ಮನೇ ನಿನಗಿಂತ ದೊಡ್ಡವನಂತೆ ಕಾಣುತ್ತಾನೆ", "ಅತ್ತೆಯ ಮಗಳನ್ನು ನೋಡು": ಇವುಗಳಲ್ಲಿ ಒಂದಾದರೂ ತೂಕವನ್ನು ಅತ್ತಿತ್ತ ಮಾಡಿದ್ದು ಕಾಣೆ. ಕದ್ದು ತಿನ್ನುವುದಕ್ಕೂ ಊಟ ಬಿಡುವುದಕ್ಕೂ ಇಂಥ ಮಾತು ದಾರಿಯಾಗುತ್ತದೆ. ರಜೆಗೆ ಬರುವ ಮೊದಲೇ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು. ಅಜ್ಜಿ ಕೇಳುವುದಿಲ್ಲ, ನಿಜ. ಆದರೆ ಅಪ್ಪ, ಅಮ್ಮ ದನಿಗೂಡಿಸದಿದ್ದರೆ ಅಜ್ಜಿಯ ಮಾತು ಅಲ್ಲಿಗೇ ನಿಲ್ಲುತ್ತದೆ.

ಏನು ಕೇಳಬಹುದು? "ನಿದ್ದೆ ಬರುತ್ತದೆಯೇ?", "ಯಾರ ಜೊತೆ ಊಟಕ್ಕೆ ಹೋಗುತ್ತೀಯ?" ಎರಡನೆಯದು ಬಹಳ ಕೆಲಸಕ್ಕೆ ಬರುವ ಪ್ರಶ್ನೆ. ಊಟಕ್ಕೆ ಜೊತೆಯಿಲ್ಲದವರು ಮೆಸ್ಸಿಗೇ ಹೋಗುವುದಿಲ್ಲ. ದೊಡ್ಡ ಸಭಾಂಗಣದಲ್ಲಿ ತಟ್ಟೆ ಹಿಡಿದು ಒಬ್ಬರೇ ಕೂರುವುದಕ್ಕಿಂತ ಹಸಿದಿರುವುದೇ ವಾಸಿ ಎನಿಸುವ ವಯಸ್ಸು ಅದು. ಹಿರಿಯ ವಿದ್ಯಾರ್ಥಿಗಳು ಮೈಕಟ್ಟಿನ ಬಗ್ಗೆ ಹೀಯಾಳಿಸಿ ಮೆಸ್ಸಿಗೆ ಬರದಂತೆ ಮಾಡಿದ್ದರೆ ಅದು ರ‍್ಯಾಗಿಂಗ್. ರಾಷ್ಟ್ರೀಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522.

ಹೆಜ್ಜೆ 6: ಗಂಟು ಕಟ್ಟುವಾಗ

ಚಕ್ಕುಲಿ, ಕೋಡುಬಳೆ, ಖಾರಾ ಒಂದೇ ರಾತ್ರಿಯಲ್ಲಿ ಇಡೀ ಕಾರಿಡಾರಿಗೆ ಹಂಚಿಹೋಗುತ್ತದೆ. ಅದರಿಂದ ಸ್ನೇಹ ಬೆಳೆಯುತ್ತದೆ, ಕಳಿಸಿ. ಜೊತೆಗೆ ಉಳಿಯುವಂಥದ್ದನ್ನೂ ಕಳಿಸಿ: ಶೇಂಗಾ ಚಟ್ನಿಪುಡಿ, ಅಗಸಿ ಪುಡಿ, ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಹುರಿಗಡಲೆ, ರಾಗಿ ಹುರಿಹಿಟ್ಟು. ಹುರಿಹಿಟ್ಟನ್ನು ಬೇಯಿಸುವ ಗೋಜಿಲ್ಲ. ಹಾಲಿಗೋ ಮಜ್ಜಿಗೆಗೋ ಕಲಸಿದರೆ ಬೆಳಗಿನ ತಿಂಡಿಯಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮೊಸರನ್ನಕ್ಕೆ ಒಂದು ಚಮಚ ಚಟ್ನಿಪುಡಿ ಬಿದ್ದರೆ ಮೆಸ್ಸಿನ ಊಟವೂ ಒಳಗಿಳಿಯುತ್ತದೆ. ಉಪ್ಪಿನಕಾಯಿಯನ್ನು ಮಾತ್ರ ದೊಡ್ಡ ಭರಣಿಯಲ್ಲಿ ಕಳಿಸಬೇಡಿ, ಪಲ್ಯದ ಬದಲು ಅದನ್ನೇ ತಿನ್ನುತ್ತಾರೆ.

ಹೆಜ್ಜೆ 7: ಜಿಮ್, ಡಯಟ್ ಸುದ್ದಿ ಬಂದರೆ

ಮಗ ಜಿಮ್ ಸೇರಿದನೆಂದರೆ ಸಂತೋಷ. ಪ್ರೋಟೀನು ಪುಡಿಯ ಡಬ್ಬಕ್ಕೆ ಸಾವಿರಾರು ರೂಪಾಯಿ ಕೇಳಿದರೆ, ಆ ದುಡ್ಡಿಗೆ ಎಷ್ಟು ಮೊಟ್ಟೆ, ಹಾಲು ಬರುತ್ತದೆಂದು ಅವನ ಕೈಯಲ್ಲೇ ಲೆಕ್ಕ ಹಾಕಿಸಿ. ಪುಡಿ ವಿಷವೇನಲ್ಲ, ಹೆಚ್ಚಿನವರಿಗೆ ಅಗತ್ಯವಿಲ್ಲ ಅಷ್ಟೇ. ತರಬೇತುದಾರ ಕೊಡುವ ಹೆಸರಿಲ್ಲದ ಮಾತ್ರೆ, ಚುಚ್ಚುಮದ್ದು ಮಾತ್ರ ಬೇರೆ ಮಾತು. ಸ್ಟೆರಾಯ್ಡ್ ಇರಬಹುದು, ಅಲ್ಲಿ ರಾಜಿ ಬೇಡ. ಪರೀಕ್ಷೆಯ ರಾತ್ರಿಗಳಲ್ಲಿ ಕುಡಿಯುವ ಎನರ್ಜಿ ಡ್ರಿಂಕಿನ 250 ಮಿಲಿಲೀಟರ್ ಡಬ್ಬಿಯಲ್ಲಿ ಸುಮಾರು 75 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅದು ಹಸಿವನ್ನೂ ನಿದ್ದೆಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಮಗಳು "ಅನ್ನ ಬಿಟ್ಟಿದ್ದೇನೆ" ಎಂದರೆ ಶಭಾಷ್ ಎನ್ನಬೇಡಿ, ಗದರಲೂ ಬೇಡಿ. ಬದಲಿಗೆ ಏನು ತಿನ್ನುತ್ತಿದ್ದೀಯ ಎಂದು ಕೇಳಿ. ಉತ್ತರದಲ್ಲಿ ಊಟದಂಥದ್ದೇನಾದರೂ ಇದ್ದರೆ ಸರಿ. ಕಪ್ಪು ಕಾಫಿ, ಸೌತೆಕಾಯಿ ಮಾತ್ರ ಇದ್ದರೆ ಮುಂದಿನ ಹೆಜ್ಜೆ ಓದಿ.

ಹೆಜ್ಜೆ 8: ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು

ಪ್ರಯತ್ನಪಡದೆಯೇ ಆರು ತಿಂಗಳಲ್ಲಿ ದೇಹತೂಕದ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋದವರಲ್ಲಿ ಮೂರು ಕಿಲೋ ಇಳಿದು, ಇಳಿಯುತ್ತಲೇ ಇದ್ದರೆ ಮೆಸ್ಸನ್ನು ದೂರುತ್ತ ಕೂರಬಾರದು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಜೊತೆಗಿದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಒತ್ತೊತ್ತಾಗಿ ಇರುವ ಕೊಠಡಿಗಳಲ್ಲಿ ಅದು ಹರಡುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿತ ಮೂರೂ ಕೂಡಿದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು. ಮೊದಲ ಬಗೆಯ ಮಧುಮೇಹ ಈ ವಯಸ್ಸಿನಲ್ಲಿಯೂ ಶುರುವಾಗುತ್ತದೆ, ಕಾಯುವುದಿಲ್ಲ. ತೂಕ ಏರುತ್ತಿದ್ದು, ಮುಟ್ಟು ಏರುಪೇರಾಗಿ, ಮೊಡವೆ, ಮುಖದ ಮೇಲೆ ಕೂದಲು ಕಂಡರೆ ಪಿಸಿಓಎಸ್ ಎಂಬ ಹಾರ್ಮೋನಿನ ಏರುಪೇರು ಇರಬಹುದು. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ನೋಡಿಸಿ.

ಇನ್ನು ನಮ್ಮ ಮನೆಗಳಲ್ಲಿ ಹೆಸರಿಟ್ಟು ಕರೆಯದ ಕಾಯಿಲೆ, ತಿನ್ನುವುದರ ಸುತ್ತ ಹುಟ್ಟುವ ಮನೋರೋಗ. ಲಕ್ಷಣಗಳು ಇವು: ಎಲ್ಲರ ಜೊತೆ ಊಟಕ್ಕೆ ಕೂರದಿರಲು ನೆಪ ಹೇಳುವುದು, ತಿಂದ ತಕ್ಷಣ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಬೇಸಿಗೆಯಲ್ಲೂ ದೊಗಲೆ ಸ್ವೆಟರು, ದಿನಕ್ಕೆ ಹಲವು ಸಲ ತೂಕ ನೋಡುವುದು, ತಿಂಗಳುಗಟ್ಟಲೆ ಮುಟ್ಟು ನಿಲ್ಲುವುದು, ಸೊರಗಿ ಕಡ್ಡಿಯಾಗಿದ್ದರೂ ತಾನು ದಪ್ಪ ಎಂದು ನಂಬಿರುವುದು. ಕದ್ದು ಒಮ್ಮೆಗೇ ವಿಪರೀತ ತಿಂದು ಆಮೇಲೆ ಕೊರಗುವುದೂ ಇದರಲ್ಲೇ ಸೇರಿದೆ. ತೂಕ ಸಹಜವಾಗಿದ್ದರೂ ಈ ಕಾಯಿಲೆ ಇರಬಹುದು, ಹುಡುಗರಿಗೂ ಬರುತ್ತದೆ. ದೃಷ್ಟಿ ತೆಗೆದರೆ, ಹರಕೆ ಹೊತ್ತರೆ, ಬಲವಂತವಾಗಿ ಬಾಯಿಗೆ ತುರುಕಿದರೆ ವಾಸಿಯಾಗುವುದಿಲ್ಲ. ತಲೆಸುತ್ತಿ ಬಿದ್ದರೆ, ಎದೆ ಬಡಿತ ಏರುಪೇರಾದರೆ, ದಿನಗಟ್ಟಲೆ ಏನೂ ತಿನ್ನದಿದ್ದರೆ ತಕ್ಷಣ ಆಸ್ಪತ್ರೆ. ಉಳಿದಂತೆ ಮನೋವೈದ್ಯರು ಮತ್ತು ಪಥ್ಯತಜ್ಞರು ಸೇರಿ ನೋಡಬೇಕು.

ಮಗುವಿಗೆ ಹದಿನೆಂಟು ತುಂಬಿದ್ದರೆ ವೈದ್ಯರು ಒಬ್ಬರನ್ನೇ ಒಳಗೆ ಕರೆದು ಮಾತನಾಡಿಸುತ್ತಾರೆ. ನೀವು ಹೊರಗೆ ಕುಳಿತಿರಿ, ಬಂದ ಮೇಲೆ ವಿಚಾರಣೆ ಮಾಡಬೇಡಿ. ಬರಲೇ ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವೇ ಮೊದಲು ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ಮಗಳು ಏನು ತಿನ್ನುತ್ತಿದ್ದಾಳೆ, ಎಷ್ಟು ಇಳಿದಿದ್ದಾಳೆ, ಯಾವಾಗಿನಿಂದ ಎಂಬುದನ್ನು ಬರೆದಿಟ್ಟುಕೊಂಡು ಕರೆ ಮಾಡಿ. ಅವಳ ಜೊತೆ ಈ ವಿಷಯವನ್ನು ಹೇಗೆ ಎತ್ತುವುದು ಎಂದೇ ಮೊದಲು ಕೇಳಿ.